ಎಡ ಭುಜದ ಅರ್ಧ ಇಂಚು

ಏಳನೆಯ ಕಿಟಕಿಯ ಮೇಡಂ ಕಾಗದಗಳನ್ನು ವರ್ಷಕ್ಕೊಂದರಂತೆ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತ ಬಂದರು. ಈ ಕೊನೆಯಿಂದ ಆ ಕೊನೆಗೆ ಹದಿನಾಲ್ಕು ವರ್ಷ. ಜೋಡಿಸಿ ಮುಗಿದಾಗ ನಡುವೆ ಒಂದು ಗೇಣಿನಷ್ಟು ಹಲಗೆ ಬರಿದಾಗಿ ಉಳಿಯಿತು, ಹಲ್ಲು ಬಿದ್ದ ಜಾಗದ ಹಾಗೆ. ಅಲ್ಲಿ ಬೆರಳಿಟ್ಟು, "ಇಲ್ಲಿ ಮೂರು ವರ್ಷ ಕಾಣಿಸ್ತಿಲ್ಲವಲ್ಲ" ಎಂದರು.

"ಕಾಣಿಸದೇ ಇರಬಹುದು ಮೇಡಂ. ಆದರೆ ನಾನು ಇಲ್ಲೇ ಇದ್ದೆ" ಎಂದಳು ಸೂಜಿ.

ಕಾಗದದಲ್ಲಿರುವ ಹೆಸರು ಬೇರೆ. ಹುಟ್ಟಿದಾಗ ಕಡ್ಡಿಯಂತಿದ್ದಳು, ಮಾತು ಬಂದ ಮೇಲೆ ಚುಚ್ಚತೊಡಗಿದಳು. ದರ್ಜಿಯ ಮನೆಯಲ್ಲಿ ಅಂಥ ಮಗುವನ್ನು ಸೂಜಿ ಎಂದಲ್ಲದೆ ಇನ್ನೇನೆಂದು ಕರೆದಾರು? ಈಗ ಅವಳಿಗೆ ಹತ್ತೊಂಬತ್ತು. ಐದು ವರ್ಷದವಳಿದ್ದಾಗ ಅಪ್ಪ, ಅಮ್ಮ, ಅಜ್ಜಿಯರ ಜೊತೆ ಈ ದೇಶಕ್ಕೆ ಬಂದವಳು. ಇಲ್ಲಿಯ ಭಾಷೆಯನ್ನು ಇಲ್ಲಿ ಹುಟ್ಟಿದವರಂತೆ ಮಾತಾಡುತ್ತಿದ್ದಳು. ಮನೆಯ ಭಾಷೆಯಲ್ಲಿ ಜಗಳವಾಡುತ್ತಿದ್ದಳು.

ಕಾನೂನು ಸರಳವಾಗಿತ್ತು. ತಂದೆತಾಯಿಯ ಜೊತೆ ಬಂದ ಮಗು ಅವರ ಕಾಯಂ ವಾಸದ ಪತ್ರದಲ್ಲೇ ಸೇರಿಕೊಂಡಿರುತ್ತದೆ. ಹದಿನೆಂಟು ತುಂಬಿದ ಮೇಲೆ ಸ್ವಂತ ಕಾರ್ಡು ಪಡೆಯಬೇಕು. ಪಡೆಯಬೇಕಾದರೆ ಬಂದ ವರ್ಷದಿಂದ ಈವರೆಗೆ ಒಂದು ವರ್ಷವೂ ತಪ್ಪದೆ ಇಲ್ಲೇ ಇದ್ದೆನೆಂದು ಕಾಗದದಿಂದ ತೋರಿಸಬೇಕು. ಸೂಜಿಗೆ ಒಂಬತ್ತನೆಯ ವಯಸ್ಸಿನಿಂದ ಇತ್ತೀಚಿನವರೆಗೆ ದೊಡ್ಡ ಶಾಲೆಯ ದಾಖಲೆಗಳಿದ್ದವು. ಬಂದ ವರ್ಷದ ಕಡತ ಆಫೀಸಿನಲ್ಲೇ ಇತ್ತು. ನಡುವಿನ ಆರು, ಏಳು, ಎಂಟನೆಯ ವಯಸ್ಸಿಗೆ ಏನೂ ಇರಲಿಲ್ಲ. ಆಗ ಓದಿದ್ದು ಒಂದು ಪುಟ್ಟ ಶಾಲೆ. ಅದು ಮುಚ್ಚಿಹೋಗಿ, ಅದರ ದಾಖಲೆಗಳೆಲ್ಲ ಒಂದು ನೆಲಮಾಳಿಗೆಯಲ್ಲಿ ಬಿದ್ದಿದ್ದು, ಒಂದು ವರ್ಷ ನೀರು ನುಗ್ಗಿ ಮುದ್ದೆಯಾಗಿದ್ದವು.

"ಶುಕ್ರವಾರ ನಾಲ್ಕು ಗಂಟೆಯೊಳಗೆ ನಾನು ಕಾರ್ಡು ತೋರಿಸಬೇಕು ಮೇಡಂ. ಇಲ್ಲವಾದರೆ ನಿಮ್ಮ ಆಫೀಸಿನ ಒಂದು ಚೀಟಿ ಆದರೂ ಸಾಕು. ಲಿಫ್ಟ್ ಮೆಕ್ಯಾನಿಕ್ ತರಬೇತಿಗೆ ಆಯ್ಕೆ ಆಗಿದೀನಿ. ಮುನ್ನೂರು ಜನದಲ್ಲಿ ಹನ್ನೆರಡು ಜನ. ಅದರಲ್ಲಿ ನಾನು ನಾಲ್ಕನೆಯವಳು."

"ಇವತ್ತು ಮಂಗಳವಾರ."

"ಹೌದು. ಮೂರು ವರ್ಷಕ್ಕೆ ಮೂರು ದಿನ ಇದೆ. ಸಾಕು."

ಮೇಡಂ ತಲೆಯೆತ್ತಿ ಅವಳನ್ನು ನೋಡಿದರು. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ನೋಡುವುದು ಅವರ ಅಭ್ಯಾಸ. "ಈಗ ಯಾರೋ ಬರೆದುಕೊಟ್ಟ ಪತ್ರ ಒಂದೇ ತಂದರೆ ನಡೆಯೋದಿಲ್ಲ. ಆ ಕಾಲದಲ್ಲೇ ಬರೆದ ಕಾಗದ ಬೇಕು, ಸರ್ಕಾರವೋ ಶಾಲೆಯೋ ಒತ್ತಿದ ಮೊಹರು ಬೇಕು. ಫೋಟೋ ತರಬೇಡಿ. ಎಲ್ಲರೂ ಫೋಟೋ ತರ್ತಾರೆ."

ಸೂಜಿ ಬ್ಯಾಗಿನಿಂದ ಅರ್ಧ ಎಳೆದಿದ್ದ ಫೋಟೋಗಳ ಕವರನ್ನು ಮತ್ತೆ ಒಳಕ್ಕೆ ತಳ್ಳಿದಳು.

*

ಅಂಗಡಿ ಎಂದರೆ ರಸ್ತೆಗೆ ತೆರೆದ ಒಂದು ಕೋಣೆ. ಅದರ ಹಿಂದಿನ ಎರಡು ಕೋಣೆಗಳೇ ಮನೆ. ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಅದರ ಕೆಳಗೆ ಒಂದು ತಗಡಿನ ಟ್ರಂಕು. ಮೇಜಿನ ಮೇಲ್ಗಡೆ ಒಂದು ಮೊಳೆಗೆ ಅಪ್ಪನ ಅಳತೆ ಟೇಪು ನೇತುಬಿದ್ದಿತ್ತು. ಅಪ್ಪ ತೀರಿಹೋಗಿ ಎಂಟು ತಿಂಗಳಾಗಿತ್ತು. ಅಂದಿನಿಂದ ಆ ಟೇಪನ್ನು ಯಾರೂ ಮುಟ್ಟಿರಲಿಲ್ಲ. ಅಜ್ಜಿ ಮುಟ್ಟಗೊಟ್ಟಿರಲಿಲ್ಲ. ಅಮ್ಮ ಹೊಸದೊಂದು ತಂದು ಅದರಲ್ಲೇ ಕೆಲಸ ಸಾಗಿಸಿದ್ದಳು.

"ಏನಂದ್ರು?" ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಅಮ್ಮ ಕೇಳಿದಳು. ಯಾರದೋ ಪ್ಯಾಂಟಿನ ಕಾಲು ಮಡಚುತ್ತಿದ್ದಳು.

"ನನ್ನ ಬಾಲ್ಯ ಕಳೆದುಹೋಗಿದೆಯಂತೆ. ಆರರಿಂದ ಎಂಟು."

"ಕಳೆದುಹೋಗೋಕೆ ಅದೇನು ಛತ್ರಿಯಾ? ದಿನಾ ನಾನೇ ಜಡೆ ಹಾಕಿದ್ದು. ದಿನಾ ಬೀದಿಗೆ ಕೇಳೋ ಹಾಗೆ ಅತ್ತಿದ್ದೀಯ."

"ಅತ್ತಿದ್ದಕ್ಕೆ ಮೊಹರು ಬೇಕಂತೆ ಅಮ್ಮ."

ದೇವರ ಪಟದ ಮುಂದೆ ಕುಳಿತು ಜಪಮಣಿ ಎಣಿಸುತ್ತಿದ್ದ ಅಜ್ಜಿ, ಎಣಿಕೆ ನಿಲ್ಲಿಸದೆ ಮಾತಿಗೆ ಬಂದಳು. "ಆಸ್ಪತ್ರೆ ಚೀಟಿ ಕೊಡಬಾರದೇನು?"

"ಆ ಮೂರು ವರ್ಷ ನಾನು ಆಸ್ಪತ್ರೆ ಮೆಟ್ಟಿಲೇ ಹತ್ತಿಲ್ಲ ಅಜ್ಜಿ."

"ಹತ್ತೋದು ಹೇಗೆ? ಈ ಕೂಸಿಗೆ ಒಂದು ನೆಗಡಿಯೂ ಬರಬಾರದಪ್ಪಾ ಅಂತ ಬೇಡಿಕೊಂಡೆ. ಅವನು ನಡೆಸಿಕೊಟ್ಟ."

"ಅಲ್ಲೇ ಕೆಟ್ಟಿದ್ದು. ಒಂದು ನೆಗಡಿಗಾದರೂ ಜಾಗ ಬಿಟ್ಟು ಬೇಡಿಕೊಳ್ಳಬೇಕಾಗಿತ್ತು ನೀನು. ಈಗ ಚೀಟಿ ಇರ್ತಿತ್ತು."

"ನಾಲಿಗೆ ನೋಡು ಇದರದ್ದು" ಎಂದು ಅಜ್ಜಿ ಸೊಸೆಯ ಕಡೆ ತಿರುಗಿದಳು. "ಲಿಫ್ಟಂತೆ ಲಿಫ್ಟು. ಮೆಟ್ಟಿಲು ಹತ್ತಲಾರದವರು ಕೆಳಗೇ ಇರಲಿ. ಅವರಿಗೋಸ್ಕರ ನಮ್ಮ ಹುಡುಗಿ ಹಗ್ಗ ಹಿಡಿದು ನೇತಾಡಬೇಕೇನು?"

"ಹಗ್ಗ ಅಲ್ಲ ಅಜ್ಜಿ. ಉಕ್ಕಿನ ತಂತಿ, ಎಂಟು ಎಳೆ. ಒಂದೇ ಎಳೆ ಸಾಕು ನಿನ್ನನ್ನೂ ನಿನ್ನ ದೇವರ ಪೆಟ್ಟಿಗೆಯನ್ನೂ ಎತ್ತೋಕೆ."

ಹದಿನೈದನೆಯ ವಯಸ್ಸಿನಲ್ಲಿ ಅವಳು ಒಂದು ಸಲ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದಳು. ಜೊತೆಗಿದ್ದವರೆಲ್ಲ ಬಾಗಿಲು ಬಡಿಯುತ್ತಿದ್ದರೆ ಇವಳು ಗೋಡೆಗೆ ಕಿವಿಯಿಟ್ಟು, ಮೇಲಿನಿಂದ ರಿಪೇರಿಯವನು ಬಿಚ್ಚುವ, ಬಿಗಿಯುವ ಸದ್ದು ಕೇಳುತ್ತಿದ್ದಳು. ಮನೆಗೆ ಬಂದು, "ಅಪ್ಪಾ, ಅದು ದೊಡ್ಡ ಹೊಲಿಗೆ ಯಂತ್ರದ ಹಾಗೇ ಇದೆ. ಚಕ್ರ ತಿರುಗುತ್ತೆ, ಎಳೆ ಓಡುತ್ತೆ" ಎಂದಿದ್ದಳು. ಅಪ್ಪ ನಕ್ಕು, "ಹಾಗಾದ್ರೆ ನಿನಗೆ ಬರುತ್ತೆ ಬಿಡು" ಎಂದಿದ್ದ. ಆ ಒಂದು ಮಾತನ್ನು ಅವಳು ಸರ್ಟಿಫಿಕೇಟಿನ ಹಾಗೆ ಜೋಪಾನ ಮಾಡಿಟ್ಟುಕೊಂಡಿದ್ದಳು.

*

ಬುಧವಾರ ಬೆಳಗ್ಗೆ ಅವಳು ದೊಡ್ಡ ಟೀಚರನ್ನು ಹುಡುಕಿಕೊಂಡು ಹೋದಳು. ಮುಚ್ಚಿಹೋದ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. ಈಗ ವೃದ್ಧಾಶ್ರಮದ ಬಿಸಿಲು ಬೀಳುವ ಹಜಾರದಲ್ಲಿ, ಗಾಲಿಕುರ್ಚಿಯಲ್ಲಿ, ಮೊಣಕಾಲಿನ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಸೂಜಿ ಯಾರೆಂದು ಹೇಳಿಕೊಳ್ಳುವ ಮೊದಲೇ ಕಣ್ಣು ಕಿರಿದು ಮಾಡಿ ಗುರುತಿಸಿದರು.

"ದರ್ಜಿಯ ಮಗಳು. ನನ್ನ ಲಂಗದ ಅಂಚು ಸೊಟ್ಟಗಿದೆ ಅಂತ ಇಡೀ ತರಗತಿಯ ಮುಂದೆ ಹೇಳಿದವಳು."

"ಸೊಟ್ಟಗೇ ಇತ್ತು ಟೀಚರ್."

"ಇತ್ತು. ಅದಕ್ಕೇ ಮರೆತಿಲ್ಲ."

ವಿಷಯ ಕೇಳಿದ ಮೇಲೆ ಅವರು ಕಾಗದ ತರಿಸಿಕೊಂಡು, ಈ ಹುಡುಗಿ ಮೂರು ವರ್ಷ ತಮ್ಮ ಶಾಲೆಯಲ್ಲಿ ಓದಿದಳೆಂದು ಬರೆದುಕೊಟ್ಟರು. ಬರೆದು ಮಡಚುತ್ತ, "ಇದು ಸಾಲದು ಅಂತಾರಲ್ಲ ಅವರು?" ಎಂದರು.

"ಸಾಲದಂತೆ. ಹಳೇ ಕಾಗದ ಬೇಕು, ಮೊಹರು ಸಮೇತ."

"ಮೊಹರು ನಿಮ್ಮ ಮನೆಯಲ್ಲೇ ಇದೆಯಲ್ಲೇ. ನಿಮ್ಮಪ್ಪನ ಪುಸ್ತಕದಲ್ಲಿ."

ಸೂಜಿ ಕುರ್ಚಿಯ ತುದಿಗೆ ಬಂದಳು.

"ಸಮವಸ್ತ್ರದ ಬಟ್ಟೆ ಪುರಸಭೆ ಕೊಡ್ತಿತ್ತು" ಎಂದು ದೊಡ್ಡ ಟೀಚರ್ ವಿವರಿಸಿದರು. "ಹಾಜರಿದ್ದ ಮಕ್ಕಳಿಗೆ ಮಾತ್ರ. ಇಲ್ಲದ ಮಕ್ಕಳ ಲೆಕ್ಕದಲ್ಲಿ ಬಟ್ಟೆ ಹೋಗಬಾರದು ಅಂತ ಒಂದು ನಿಯಮ. ವರ್ಷಕ್ಕೊಂದು ಸಲ ನಿಮ್ಮಪ್ಪ ಬಂದು ಪ್ರತಿ ಮಗುವನ್ನೂ ನಿಲ್ಲಿಸಿ ಅಳತೆ ತೆಗೀತಿದ್ದರು. ನಾನು ಪಕ್ಕದಲ್ಲೇ ನಿಂತು ತಲೆ ಎಣಿಸಿ, ಪುಟದ ಕೆಳಗೆ ಎಷ್ಟು ಮಕ್ಕಳು ಅಂತ ಬರೆದು, ತಾರೀಖು ಹಾಕಿ, ಶಾಲೆ ಮೊಹರು ಒತ್ತುತ್ತಿದ್ದೆ. ಮೂರು ವರ್ಷವೂ ನಿನ್ನ ಅಳತೆ ತೆಗೆದದ್ದು ನಾನೇ ನೋಡಿದೀನಿ. ನಿನಗೆ ಕಚಗುಳಿ ಆಗ್ತಿತ್ತು. ನೆಟ್ಟಗೆ ನಿಲ್ತಿರಲಿಲ್ಲ."

ಹಿಂತಿರುಗುವಾಗ ಸೂಜಿ ಬಸ್ಸಿಗೆ ಕಾಯಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ನಡೆದೇ ಬಂದಳು.

*

ಟ್ರಂಕಿನ ಬೀಗವನ್ನು ಅಮ್ಮ ತೆಗೆದಳು. ಅಪ್ಪ ಹೋದ ಮೇಲೆ ಅದನ್ನು ತೆಗೆಯುತ್ತಿರುವುದು ಇದೇ ಮೊದಲು. ಮುಚ್ಚಳ ಎತ್ತಿದೊಡನೆ ಬಟ್ಟೆಗೆ ಗುರುತು ಹಾಕುವ ಸುಣ್ಣದ ಕಡ್ಡಿಯ ವಾಸನೆ, ಎಣ್ಣೆಯ ವಾಸನೆ ಹೊರಗೆ ಬಂತು. ಅದು ಅಪ್ಪನ ಅಂಗೈಯ ವಾಸನೆ. ಸತ್ತವರು ಕಣ್ಣಿಗಿಂತ ಮೊದಲು ಮೂಗಿಗೆ ಬರುತ್ತಾರೆ. ಅಲ್ಲಿಗೆ ಬಾಗಿಲು ಹಾಕುವ ಉಪಾಯ ಯಾರಿಗೂ ಗೊತ್ತಿಲ್ಲ.

ಅಳತೆ ಪುಸ್ತಕಗಳು ತಳದಲ್ಲಿದ್ದವು. ಉಳಿದ ಬಟ್ಟೆಯ ತುಂಡಿನಿಂದ ಅಪ್ಪ ಪ್ರತಿಯೊಂದಕ್ಕೂ ರಟ್ಟು ಹೊದಿಸಿದ್ದ. ಬೇಕಾದ ಮೂರು ವರ್ಷದ ಮೂರು ಪುಸ್ತಕಗಳೂ ಸಿಕ್ಕಿದವು. ಶಾಲೆಯ ಪುಟಗಳೂ ಸಿಕ್ಕಿದವು. ಅಡಿಯಲ್ಲಿ ನೀಲಿ ಮೊಹರು, ತಾರೀಖು, ದೊಡ್ಡ ಟೀಚರ ಸಹಿ, ಎಲ್ಲ ನಿನ್ನೆ ಒತ್ತಿದಷ್ಟು ಸ್ಪಷ್ಟ.

"ಓದು ಓದು" ಎಂದಳು ಅಮ್ಮ.

ಸೂಜಿ ಬೆರಳಿಟ್ಟು ಓದಿದಳು. ಮೊದಲ ವರ್ಷದಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಹೆಸರು. ಮತ್ತೆ ಕೆಳಗಿನಿಂದ ಮೇಲಕ್ಕೆ. ಎರಡನೆಯ ವರ್ಷ. ಮೂರನೆಯ ವರ್ಷ. ಪಕ್ಕದ ಬೆಂಚಿನ ಗೆಳತಿಯ ಹೆಸರಿತ್ತು. ತನ್ನ ಜಡೆ ಎಳೆಯುತ್ತಿದ್ದ ಹುಡುಗನ ಹೆಸರಿತ್ತು. ತನ್ನದಿರಲಿಲ್ಲ.

"ಇಲ್ಲ" ಎಂದಳು. ಮಂಗಳವಾರದಿಂದ ಇಲ್ಲಿಯವರೆಗೆ ಅವಳ ದನಿ ತಗ್ಗಿದ್ದು ಅದೇ ಮೊದಲು. "ಅಪ್ಪ ನನ್ನ ಹೆಸರೇ ಬರೆದಿಲ್ಲ."

"ಹಾಗೆ ಹೇಗೆ ಆಗುತ್ತೆ? ಸಮವಸ್ತ್ರ ಹೊಲಿದದ್ದು ನಾನು. ಅಳತೆ ಇಲ್ಲದೆ ಹೊಲಿದೆನೇ?" ಅಮ್ಮ ಪುಸ್ತಕ ಕಿತ್ತುಕೊಂಡಳು. "ನನಗೆ ಚೀಟಿಯಲ್ಲಿ ಬರೆದು ಕೊಡ್ತಿದ್ದರು. ಪುಸ್ತಕದಲ್ಲಿ ಇರಲೇಬೇಕಲ್ಲ."

ಆಗ ಜಪಮಣಿಯ ಸದ್ದು ನಿಂತಿತು. ಅಜ್ಜಿಯ ಜಪ ನಡುವೆ ನಿಂತದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮಗನ ಸಾವಿನ ಸುದ್ದಿ ಬಂದ ದಿನವೂ ಬೆರಳು ನಡೆದೇ ಇತ್ತು.

"ಅವನದೇನೂ ತಪ್ಪಿಲ್ಲ" ಎಂದಳು ಅಜ್ಜಿ. "ಬೇಡ ಅಂದವಳು ನಾನು."

ಅವಳು ಹೇಳಿದ್ದು ಹೆಚ್ಚಿಲ್ಲ. ಅಪ್ಪ ಹುಟ್ಟುವುದಕ್ಕೆ ಮೊದಲು ಅವಳಿಗೆ ಒಂದು ಹೆಣ್ಣುಮಗುವಿತ್ತು. ನಾಲ್ಕು ವರ್ಷದ್ದು. ಅಜ್ಜಿಯೇ ಆಗ ದರ್ಜಿ. ಮಗನಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಒಂದು ದಿನ ಮಗುವಿಗೆ ಅಂಗಿ ಹೊಲಿಯಲೆಂದು ಅಳತೆ ತೆಗೆದು, ಗಿರಾಕಿಗಳ ಪುಸ್ತಕದಲ್ಲಿ, ಗಿರಾಕಿಗಳ ಸಾಲಿನಲ್ಲೇ, ಹೆಮ್ಮೆಯಿಂದ ಹೆಸರು ಬರೆದಳು. ಬಟ್ಟೆ ಕತ್ತರಿಸಿದಳು. ಒಂದು ತೋಳು ಕೂಡಿಸಿದಳು. ಇನ್ನೊಂದು ತೋಳು ಕೂಡಿಸುವ ಮೊದಲು ಮಗು ಜ್ವರದಲ್ಲಿ ಹೋಯಿತು.

"ಪುಸ್ತಕದಲ್ಲಿ ಹೆಸರು ಉಳೀತು. ಕೂಸು ಉಳೀಲಿಲ್ಲ" ಎಂದಳು. "ಈ ಮನೆಯ ಮಗುವಿನ ಹೆಸರು ಇನ್ನು ಅಳತೆ ಪುಸ್ತಕಕ್ಕೆ ಹತ್ತಬಾರದು ಅಂತ ದೇವರ ಮುಂದೆ ಹೇಳಿಕೊಂಡೆ. ನೀನು ಹುಟ್ಟಿದಾಗ ನಿಮ್ಮಪ್ಪನಿಂದ ಮಾತು ತಗೊಂಡೆ. ಬಯ್ಯೋದಿದ್ರೆ ನನ್ನನ್ನು ಬಯ್ಯಿ."

ಸೂಜಿ ಬಯ್ಯಲಿಲ್ಲ. ಮೊಣಕಾಲೂರಿ ಕುಳಿತೇ ಅಜ್ಜಿಯ ಕಡೆ ಸರಿದು, ನಿಂತಿದ್ದ ಜಪಮಣಿಯ ಮೇಲೆ ಕೈಯಿಟ್ಟಳು. ಆ ಒಂದು ತೋಳಿನ ಅಂಗಿಯನ್ನು ಅಜ್ಜಿ ಏನು ಮಾಡಿದಳೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಬದಲಿಗೆ ಅವಳ ತಲೆ, ಸಿಕ್ಕಿಬಿದ್ದ ಲಿಫ್ಟಿನೊಳಗೆ ಓಡಿದ ಹಾಗೆ, ಯಂತ್ರದ ಕಡೆಗೆ ಓಡಿತು.

"ಅಜ್ಜಿ, ಅಪ್ಪ ನಿನಗೆ ಕೊಟ್ಟ ಮಾತು ಮೀರೋರಲ್ಲ. ಸರಿ. ಆದರೆ ದೊಡ್ಡ ಟೀಚರ್ ಪಕ್ಕದಲ್ಲಿ ನಿಂತು ತಲೆ ಎಣಿಸ್ತಿದ್ದರು. ಎಣಿಕೆ ತಪ್ಪಿದ್ರೆ ಅವರು ಮೊಹರು ಒತ್ತುತ್ತಿರಲಿಲ್ಲ."

ಅವಳು ಮೊದಲ ಪುಸ್ತಕವನ್ನು ಮತ್ತೆ ಎಳೆದುಕೊಂಡು ಹೆಸರುಗಳನ್ನು ಎಣಿಸಿದಳು. ಮೂವತ್ತು. ಅಡಿಯಲ್ಲಿ ದೊಡ್ಡ ಟೀಚರ್ ಬರೆದದ್ದು ಮೂವತ್ತೊಂದು. ಕೊನೆಯ ಹೆಸರಿಗೂ ಮೊಹರಿಗೂ ನಡುವೆ, ಕಣ್ಣಿಗೆ ಬೀಳದಷ್ಟು ಸಣ್ಣಗೆ, ಇನ್ನೊಂದು ಸಾಲಿತ್ತು. ಹೆಸರಿರಬೇಕಾದ ಕಡೆ ಉಳಿದೆಲ್ಲ ಮಕ್ಕಳಿಗೆ ಈ ದೇಶದ ಲಿಪಿ. ಅಲ್ಲಿ ಮಾತ್ರ ಮನೆಯ ಲಿಪಿಯಲ್ಲಿ ಒಂದೇ ಒಂದು ಪದ.

ನಮ್ಮದು.

ಎರಡನೆಯ ವರ್ಷದಲ್ಲೂ ನಮ್ಮದು. ಮೂರನೆಯ ವರ್ಷದಲ್ಲೂ ನಮ್ಮದು.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೂಜಿ ಅಳಲಿಲ್ಲ. ಅಳುವುದನ್ನು ಶುಕ್ರವಾರ ನಾಲ್ಕು ಗಂಟೆಯ ಮೇಲಕ್ಕೆ ಮುಂದೂಡಿ, ಆ ಸಾಲಿನ ಅಂಕಿಗಳನ್ನು ಓದತೊಡಗಿದಳು. ಉದ್ದ, ಎದೆ, ಸೊಂಟ, ತೋಳು ಎಲ್ಲರಿಗಿದ್ದಂತೆ ಇದ್ದವು. ಭುಜದ ಕಾಲಮಿನಲ್ಲಿ ಎಲ್ಲ ಮಕ್ಕಳಿಗೂ ಒಂದೇ ಅಂಕಿ, ಈ ತುದಿಯಿಂದ ಆ ತುದಿಗೆ. ಇವಳಿಗೆ ಮಾತ್ರ ಎರಡು. ಬಲ ಐದು, ಎಡ ನಾಲ್ಕೂವರೆ. ಮುಂದಿನ ವರ್ಷ ಬಲ ಐದೂಕಾಲು, ಎಡ ನಾಲ್ಕೂಮುಕ್ಕಾಲು. ಅದರ ಮುಂದಿನ ವರ್ಷ ಬಲ ಐದೂವರೆ, ಎಡ ಐದು.

"ನೀನು ಮೂರು ವರ್ಷದವಳಿದ್ದಾಗ ಕತ್ತರಿಸೋ ಮೇಜಿನಿಂದ ಬಿದ್ದೆ" ಎಂದಳು ಅಮ್ಮ. "ಊರಲ್ಲಿ, ಇಲ್ಲಿಗೆ ಬರೋ ಮೊದಲು. ಕುತ್ತಿಗೆ ಬುಡದ ಎಲುಬು ಮುರಿದು ಮೋಟಾಗಿ ಕೂಡಿಕೊಳ್ತು. ಅದಕ್ಕೇ ನಿನ್ನ ಬಟ್ಟೆಗೆಲ್ಲ ಎಡಕ್ಕೆ ಬೇರೆ ಅಳತೆ." ಹಾಗೆ ಹೇಳುತ್ತಲೇ ಅವಳ ಮುಖ ಬದಲಾಯಿತು. "ಇಲ್ಲಿಗೆ ಬಂದಿಳಿದ ದಿನ ತಪಾಸಣೆ ಮಾಡಿದ ಡಾಕ್ಟರು ನಿನ್ನ ಭುಜ ಒತ್ತಿ ಒತ್ತಿ ನೋಡಿ ಏನೋ ಬರ್ಕೊಂಡ್ರು. ಇದನ್ನೇ ನೆಪ ಮಾಡಿ ವಾಪಸ್ ಕಳಿಸಿಬಿಡ್ತಾರೇನೋ ಅಂತ ನನಗೆ ಜೀವ ಬಾಯಿಗೆ ಬಂದಿತ್ತು."

"ಬರ್ಕೊಂಡ್ರಾ?"

"ಬರ್ಕೊಂಡ್ರು. ಕಣ್ಣಾರೆ ನೋಡಿದೀನಿ."

"ಹಾಗಾದ್ರೆ ಆ ಚೀಟಿ ಅವರ ಕಡತದಲ್ಲೇ ಇರುತ್ತೆ" ಎಂದು ಸೂಜಿ ಎದ್ದು ನಿಂತಳು. ಅವಳ ದನಿ ಮತ್ತೆ ತನ್ನ ಜಾಗಕ್ಕೆ ಬಂದಿತ್ತು.

*

ಗುರುವಾರ ಆಫೀಸಿಗೆ ರಜೆ. ಶುಕ್ರವಾರ ಬಾಗಿಲು ತೆಗೆಯುವ ಹೊತ್ತಿಗೆ ಸೂಜಿಯೂ ಅಜ್ಜಿಯೂ ಅಲ್ಲಿದ್ದರು. ಅಮ್ಮನಿಗೆ ಮದುವೆಯ ಕೋಟಿನ ಗಿರಾಕಿ ಬರುವವನಿದ್ದ. ಅಲ್ಲದೆ ಅಜ್ಜಿ, "ಬಾಯಿ ಕಟ್ಟಿದವಳು ನಾನು, ಬಿಚ್ಚೋಕೂ ನಾನೇ ಬರ್ತೀನಿ" ಎಂದು ಹಟ ಹಿಡಿದಿದ್ದಳು. ಹೊರಡುವಾಗ ಮೊಳೆಯಿಂದ ಮಗನ ಟೇಪನ್ನು ತಾನೇ ಇಳಿಸಿ, ಸುರುಳಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಮ್ಮ ನೋಡಿಯೂ ನೋಡದವಳಂತೆ ಯಂತ್ರ ತುಳಿದಳು.

ಆಫೀಸು ನಾಲ್ಕನೆಯ ಮಹಡಿಯಲ್ಲಿತ್ತು. ಲಿಫ್ಟನ್ನು ಕಂಡೊಡನೆ ಅಜ್ಜಿ ಮೆಟ್ಟಿಲಿನ ಕಡೆಗೆ ತಿರುಗಿದಳು. ಪ್ರತಿ ಮಹಡಿಗೂ ಒಂದು ದೇವರ ಹೆಸರು ಹೇಳುತ್ತ ನಾಲ್ಕು ಮಹಡಿ ಹತ್ತಿದಳು. ಮೂರನೆಯದರಲ್ಲಿ ನಿಂತು ಎರಡು ದೇವರ ಹೆಸರು ಹೇಳಿದಳು.

ಏಳನೆಯ ಕಿಟಕಿಯ ಮೇಡಂ ಮೂರೂ ಪುಸ್ತಕಗಳನ್ನು ನೋಡಿದರು. ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ದೊಡ್ಡ ಟೀಚರ ಹೊಸ ಪತ್ರದ ಸಹಿಯನ್ನು ಹಳೆಯ ಸಹಿಯ ಪಕ್ಕ ಇಟ್ಟು ನೋಡಿದರು. ಮೊಹರಿಗೆ ತಲೆಯಾಡಿಸಿದರು. ಹೆಸರಿನ ಕಾಲಮಿಗೆ ಬಂದಾಗ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ನಿಮ್ಮ ಹೆಸರು ಎಲ್ಲಿ?"

"ಹೆಸರಿಲ್ಲ ಮೇಡಂ. ಕಾರಣ ಇದೆ, ಉದ್ದ ಇದೆ. ಮೊದಲು ಎಣಿಸಿ ನೋಡಿ. ಹೆಸರು ಮೂವತ್ತು, ಮಕ್ಕಳು ಮೂವತ್ತೊಂದು. ಆ ಕೊನೆಯ ಸಾಲು ನಾನು."

"ಯಾರು ಬೇಕಾದರೂ ಆಗಿರಬಹುದಲ್ಲ."

"ಆಗೋಕೆ ಸಾಧ್ಯ ಇಲ್ಲ. ಭುಜದ ಕಾಲಮು ನೋಡಿ." ಸೂಜಿ ಕಿಟಕಿಯ ಕೆಳಗಿನ ಸಂದಿಯಿಂದ ಬೆರಳು ತೂರಿಸಿ ತೋರಿಸಿದಳು. "ಮೂರು ವರ್ಷವೂ ಎಡಕ್ಕೆ ಅರ್ಧ ಇಂಚು ಕಡಿಮೆ. ನಾನು ಈ ದೇಶಕ್ಕೆ ಬಂದ ದಿನ ನಿಮ್ಮ ಡಾಕ್ಟರು ತಪಾಸಣೆ ಮಾಡಿ ಬರೆದ ಚೀಟಿ ನಿಮ್ಮ ಹತ್ತಿರವೇ ಇದೆ. ಅದನ್ನು ತೆಗೆದು ಓದಿ. ಆಮೇಲೆ ನನ್ನನ್ನು ಅಳೀರಿ. ಮೂರೂ ತಾಳೆಯಾಗದೆ ಹೋದರೆ ಮನೆಗೆ ಹೋಗ್ತೀನಿ."

ಅಜ್ಜಿ ಸೂಜಿಯ ತೋಳು ಜಗ್ಗಿದಳು. "ಏನಂತಾಳೆ?"

"ಯೋಚನೆ ಮಾಡ್ತಿದ್ದಾರೆ ಅಜ್ಜಿ."

"ಮಾಡಲಿ. ಮುಖ ನೋಡಿದರೆ ಒಳ್ಳೆಯವಳು. ರವಿಕೆ ಮಾತ್ರ ಯಾರೋ ಕೆಡಿಸಿದ್ದಾರೆ, ತೋಳು ಹಿಡೀತಿದೆ."

"ಅಜ್ಜಿ, ಸುಮ್ಮನಿರು."

"ಏನು ಹೇಳಿದರು ನಿಮ್ಮಜ್ಜಿ?" ಎಂದು ಮೇಡಂ ಕೇಳಿದರು.

ಸೂಜಿ ಒಂದು ಗಳಿಗೆ ತಡೆದಳು. ಸುಳ್ಳು ಹೇಳುವುದಕ್ಕೆ ಅದು ಸರಿಯಾದ ಜಾಗವಲ್ಲವೆಂದು ತೋರಿತು. "ನಿಮ್ಮ ತೋಳು ಬಿಗಿ ಆಗಿದೆಯಂತೆ ಮೇಡಂ."

ಮೇಡಂ ತಮ್ಮ ತೋಳನ್ನು ನೋಡಿಕೊಂಡರು. ಎದ್ದು ಒಳಗೆ ಹೋದರು.

ಗೋಡೆಯ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಕಳೆಯಿತು. ಅಜ್ಜಿ ಜಪಮಣಿ ತೆಗೆದಳು. ಸೂಜಿ ಕಾಲು ಕುಣಿಸುತ್ತ, ಚೀಟಿ ಸಿಗದೆ ಹೋದರೆ ಏನು ಮಾಡುವುದೆಂದು ಯೋಚಿಸಲು ನೋಡಿದಳು. ಆ ಯೋಚನೆ ಹತ್ತಿರ ಬರಲೇ ಇಲ್ಲ. ಅಪ್ಪ ಮೂರು ವರ್ಷ ಬಿಡದೆ ಅಳೆದು ಬರೆದದ್ದು ಅರ್ಧ ಇಂಚೂ ತಪ್ಪಿರಲಾರದು. ಅವಳಿಗೆ ಅಷ್ಟು ಗೊತ್ತಿತ್ತು.

ಮೇಡಂ ಒಂದು ತೆಳುವಾದ ಹಳದಿ ಕಡತ ಹಿಡಿದು ಬಂದರು. ಜೊತೆಗೆ ಪಕ್ಕದ ತಪಾಸಣೆ ಕೋಣೆಯ ನರ್ಸಮ್ಮ ಬಂದಿದ್ದರು. ಕಡತದೊಳಗಿನ ಚೀಟಿಯನ್ನು ಮೇಡಂ ಓದಿದರು. "ಹೆಣ್ಣು, ಐದು ವರ್ಷ. ಕುತ್ತಿಗೆಯಿಂದ ಎಡ ಭುಜಕ್ಕೆ ಹೋಗುವ ಎಲುಬು ಹಿಂದೆ ಮುರಿದು, ಮೋಟಾಗಿ ಕೂಡಿಕೊಂಡಿದೆ. ತೊಂದರೆಯಿಲ್ಲ." ಕಡತದ ಮೇಲೆ ಸೂಜಿಯ ಹೆಸರು, ಪೂರ್ತಿಯಾಗಿ, ದಪ್ಪ ಅಕ್ಷರದಲ್ಲಿ ಇತ್ತು.

ನರ್ಸಮ್ಮ ಜೇಬಿನಲ್ಲಿ ಟೇಪು ಹುಡುಕಿದರು. ಸಿಗಲಿಲ್ಲ. ಅಜ್ಜಿಗೆ ಭಾಷೆ ಬಾರದಿದ್ದರೂ ಆ ಹುಡುಕಾಟ ತಿಳಿಯಿತು. ಸೊಂಟದಿಂದ ಮಗನ ಟೇಪನ್ನು ತೆಗೆದು, ಒಂದು ಸಲ ಕಣ್ಣಿಗೊತ್ತಿಕೊಂಡು, ನರ್ಸಮ್ಮನ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಸುಮ್ಮನಿರಲಾರದೆ, "ಅಲ್ಲಿಂದಲ್ಲ ತಾಯಿ, ಮೇಲೆ, ಕತ್ತಿನ ಹಿಂದಿನ ಗುಬುಟಿನಿಂದ ಹಿಡಿ. ಭುಜದ ತುದಿ ಎಲುಬಿಗೆ ನಿಲ್ಲಿಸು. ಎಳೀಬೇಡ. ಟೇಪು ಉಸಿರಾಡಬೇಕು" ಎಂದು ಮನೆಯ ಭಾಷೆಯಲ್ಲೇ ಪಾಠ ಹೇಳಿದಳು. ನರ್ಸಮ್ಮ ಒಂದು ಪದವೂ ತಿಳಿಯದೆ, ಎಲ್ಲವನ್ನೂ ಹಾಗೆಯೇ ಮಾಡಿದರು.

"ಬಲ ಏಳೂಕಾಲು" ಎಂದರು. ಎಡಕ್ಕೆ ಬಂದರು. ಸೂಜಿಗೆ ಕಚಗುಳಿಯಾಯಿತು. ತುಟಿ ಕಚ್ಚಿ ನೆಟ್ಟಗೆ ನಿಂತಳು. "ಎಡ ಆರೂಮುಕ್ಕಾಲು."

ಮೇಡಂ ಕುಳಿತು ಬರೆಯತೊಡಗಿದರು. ಬಹಳ ಹೊತ್ತು ಬರೆದರು. ನರ್ಸಮ್ಮನ ಸಹಿ ಹಾಕಿಸಿದರು. ಆಮೇಲೆ ಪುಸ್ತಕದ ಆ ಸಾಲನ್ನು ಸೂಜಿಯ ಕಡೆ ತಿರುಗಿಸಿದರು.

"ಬೇರೆ ಭಾಷೆಯ ಪದ ಇದ್ದರೆ ಅರ್ಥ ಬರೆಸಿಕೊಳ್ಳಬೇಕು. ಈ ಪದಕ್ಕೆ ಏನರ್ಥ?"

ಸೂಜಿ ಪೆನ್ನು ತೆಗೆದುಕೊಂಡಳು. ಈ ದೇಶದ ಭಾಷೆಯಲ್ಲಿ ಆ ಪದಕ್ಕೆ ಮೂರು ನಾಲ್ಕು ಮಾತುಗಳಿದ್ದವು. ಒಂದನ್ನು ಬರೆದು, ಹೊಡೆದುಹಾಕಿ, ಇನ್ನೊಂದನ್ನು ಬರೆದಳು. "ನಮ್ಮ ಮನೆಯ ಮಗು ಅಂತ" ಎಂದಳು. ಅಷ್ಟು ಹೇಳುವಾಗ ಬುಧವಾರದಿಂದ ಮುಂದೂಡಿದ್ದ ಅಳು ನಾಲ್ಕು ಗಂಟೆಯವರೆಗೆ ಕಾಯದೆ ಬಂದೇಬಿಟ್ಟಿತು. ಮೇಡಂ ಕಿಟಕಿಯ ಸಂದಿಯಿಂದ ಕೈವಸ್ತ್ರವನ್ನೂ, ಅದರ ಹಿಂದೆಯೇ ಮೊಹರು ಒತ್ತಿದ ಚೀಟಿಯನ್ನೂ ತಳ್ಳಿದರು.

"ಕಾರ್ಡು ಅಂಚೆಯಲ್ಲಿ ಬರುತ್ತೆ. ಈ ಚೀಟಿ ಅಲ್ಲಿಯವರೆಗೆ ನಡೆಯುತ್ತೆ. ಗಂಟೆ ಹನ್ನೆರಡಾಗಿದೆ, ಹೋಗಿ." ಆಮೇಲೆ ಸ್ವಲ್ಪ ಬಾಗಿ, "ನಿಮ್ಮ ಅಂಗಡಿ ಯಾವ ರಸ್ತೆಯಲ್ಲಿದೆ?" ಎಂದರು.

ಹೊರಗೆ ಬಂದ ಮೇಲೆ ಅಜ್ಜಿ ಮೆಟ್ಟಿಲನ್ನೊಮ್ಮೆ ನೋಡಿದಳು, ಲಿಫ್ಟನ್ನೊಮ್ಮೆ ನೋಡಿದಳು. "ಎಂಟು ಎಳೆ ಅಂದೆಯಲ್ಲ?"

"ಎಂಟು."

"ಇದಕ್ಕೂ ಎಂಟೇನಾ, ಎಣಿಸಿದ್ದೀಯಾ?"

"ಸೋಮವಾರದಿಂದ ಎಣಿಸ್ತೀನಿ ಅಜ್ಜಿ. ಇವತ್ತು ನಂಬಿಕೆಯ ಮೇಲೆ ಇಳಿ."

ಅಜ್ಜಿ ಕಣ್ಣು ಮುಚ್ಚಿ ಒಳಗೆ ಕಾಲಿಟ್ಟಳು. ಕೆಳಗೆ ಬಾಗಿಲು ತೆರೆಯುವವರೆಗೆ ಮೊಮ್ಮಗಳ ಮುಂಗೈ ಬಿಡಲಿಲ್ಲ.

*

ಎರಡು ಗಂಟೆಗೆಲ್ಲ ತರಬೇತಿಯವರು ಚೀಟಿ ನೋಡಿ, ಹೆಸರು ದಾಖಲು ಮಾಡಿಕೊಂಡರು. ಸೋಮವಾರ ನೀಲಿ ಮೇಲಂಗಿ ತೊಟ್ಟು ಬರಬೇಕೆಂದು ಒಂದು ಪಟ್ಟಿ ಕೊಟ್ಟರು. ಅಂಗಡಿಯಲ್ಲಿ ಕೊಂಡರೂ ಆದೀತು, ಹೊಲಿಸಿದರೂ ಆದೀತು.

"ಕೊಳ್ಳೋದಂತೆ" ಎಂದಳು ಅಮ್ಮ. ಸಂಜೆ ಬೆಳಕಿರುವಾಗಲೇ ನೀಲಿ ಬಟ್ಟೆ ಮೇಜಿನ ಮೇಲೆ ಬಿಚ್ಚಿಕೊಂಡಿತು.

ಅಮ್ಮ ಹೊಸ ಟೇಪು ಹಿಡಿದು ಬಂದಾಗ ಅಜ್ಜಿ ಕೈ ಅಡ್ಡ ಮಾಡಿ, "ಅದಲ್ಲ" ಎಂದಳು. ಮಗನ ಟೇಪಿನಿಂದ ತಾನೇ ಮೊಮ್ಮಗಳನ್ನು ಅಳೆದಳು. ಉದ್ದ, ಎದೆ, ಸೊಂಟ, ತೋಳು ಒಂದೊಂದನ್ನೂ ಗಟ್ಟಿಯಾಗಿ ಹೇಳಿದಳು. ಅಮ್ಮ ಚೀಟಿ ಹರಿದು ಬರೆಯಹೋದಳು.

"ಚೀಟಿ ಬೇಡ. ಪುಸ್ತಕ ಕೊಡು."

ಅಮ್ಮ ಸೂಜಿಯ ಮುಖ ನೋಡಿದಳು, ಸೂಜಿ ಅಮ್ಮನ ಮುಖ ನೋಡಿದಳು. ಈ ವರ್ಷದ ಅಳತೆ ಪುಸ್ತಕ ಬಂತು. ಅಜ್ಜಿ ಮೇಜಿಗೆ ಮೊಣಕೈಯೂರಿ, ಕನ್ನಡಕ ಸರಿ ಮಾಡಿಕೊಂಡು, ಮದುವೆ ಕೋಟಿನ ಗಿರಾಕಿಯ ಕೆಳಗಿನ ಸಾಲಿಗೆ ಪೆನ್ನು ತಂದಳು. ಪೆನ್ನು ಅಲ್ಲೇ ನಿಂತಿತು. ತುಟಿಗಳು ಮಾತ್ರ ಅಲುಗಾಡಿದವು. ದೇವರಿಗೆ ಏನು ಹೇಳಿಕೊಂಡಳೋ, ಯಾವ ಮಾತನ್ನು ಹಿಂದಕ್ಕೆ ಪಡೆದಳೋ, ಯಾವುದನ್ನು ಹೊಸದಾಗಿ ಒಪ್ಪಿಸಿದಳೋ, ಉಳಿದವರು ಕೇಳಲಿಲ್ಲ.

"ಸೂಜಿ ಅಂತ ಬರೆದುಬಿಡಲೇ?" ಎಂದಳು ಕೊನೆಗೆ.

"ಬೇಡ ಅಜ್ಜಿ. ಪೂರ್ತಿ ಬರಿ. ಕಾರ್ಡಲ್ಲಿ ಇರೋ ಹಾಗೆ."

ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಹೆಸರು ಬರೆದಳು. ಹಳೆಯ ಕಾಲದ ದುಂಡು ಅಕ್ಷರ, ಸಾಲು ಬಿಟ್ಟು ಕದಲಲಿಲ್ಲ. ಬರೆದು, ಶಾಯಿ ಒಣಗಲೆಂದು ಊದಿ, ಟೇಪನ್ನು ಮತ್ತೆ ಕೈಗೆತ್ತಿಕೊಂಡಳು.

"ನಿಲ್ಲೇ ನೆಟ್ಟಗೆ. ಭುಜ ಇನ್ನೂ ಆಗಿಲ್ಲ."

"ಬೆಳಗ್ಗೆ ತಾನೇ ಆಯ್ತಲ್ಲ ಅಜ್ಜಿ. ಏಳೂಕಾಲು, ಆರೂಮುಕ್ಕಾಲು. ಸರ್ಕಾರವೇ ಸಹಿ ಹಾಕಿದೆ."

"ಸರ್ಕಾರ ಬಟ್ಟೆ ಹೊಲಿಯೋದಿಲ್ಲ" ಎಂದು ಅಜ್ಜಿ ಅವಳ ಕತ್ತಿನ ಹಿಂದೆ ಟೇಪಿನ ತುದಿಯಿಟ್ಟಳು.